ಗಿರಣಿ ಸುಮ್ಮನಾದ ಮೇಲೆ

ನಮ್ಮ ಹಿಟ್ಟಿನ ಗಿರಣಿಯ ಹೊಗೆ ಕೊಳವೆಯ ತುದಿಗೆ ಒಂದು ಡಬ್ಬಿ ಇತ್ತು. ವನಸ್ಪತಿ ತುಪ್ಪದ ಖಾಲಿ ಡಬ್ಬಿ. ಒಂದು ಬದಿ ಸೀಳಿ, ಬೋರಲು ಹಾಕಿ, ತಂತಿಯಿಂದ ಬಿಗಿದದ್ದು. ಡೀಸೆಲ್ ಇಂಜಿನ್ನು ಉಸಿರು ಬಿಟ್ಟಾಗಲೆಲ್ಲ ಆ ಡಬ್ಬಿ ಕುಕ್ಕೂ ಎನ್ನುತ್ತಿತ್ತು. ಇಂಜಿನ್ನಿಗೆ ತನ್ನ ಸಪ್ಪಳವೇ ಸಾಕಷ್ಟಿರುವಾಗ ಅದರ ಬಾಯಿಗೆ ಪೀಪಿ ಯಾಕೆ ಎಂದು ಪೇಟೆಯವರು ಕೇಳುತ್ತಾರೆ. ಅವರಿಗೆ ಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ, ಅದಕ್ಕೇ ಕೇಳುತ್ತಾರೆ. ನಮ್ಮ ಅಫಜಲಪುರ ತಾಲೂಕಿನ ಹಳ್ಳಿಗಳಲ್ಲಿ ಗಿರಣಿ ಇಂಥ ಹೊತ್ತಿಗೇ ಚಾಲೂ ಆಗಬೇಕೆಂಬ ನೇಮವಿಲ್ಲ. ಡೀಸೆಲ್ ಸಿಕ್ಕರೆ, ಚಕ್ರ ತಿರುಗಿಸುವ ಪಟ್ಟಾ ಹರಿಯದಿದ್ದರೆ, ಗಿರಣಿಯವನಿಗೆ ಮನಸ್ಸು ಬಂದರೆ ಚಾಲೂ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸು ನಡು ನೆಟ್ಟಗೆ ಮಾಡಿ ಕಿವಿಗೊಡುತ್ತಾಳೆ. ಕುಕ್ಕೂ ಕೇಳಿದರೆ ಮನೆಗೆ ಹೋಗಿ ಜೋಳದ ಬುಟ್ಟಿ ಹೊತ್ತು ಬರುತ್ತಾಳೆ, ಕೇಳದಿದ್ದರೆ ಮತ್ತೆ ಬಗ್ಗುತ್ತಾಳೆ. ಆ ಡಬ್ಬಿಯೇ ನಮ್ಮ ಅಂಗಡಿಯ ಬೋರ್ಡು. ಅದನ್ನು ಕಟ್ಟಿದ ಅಪ್ಪ ಹೋದ ಮೇಲೆ ಗಿರಣಿ, ಡಬ್ಬಿ, ಅವ್ವ ಮೂವರೂ ನನ್ನ ಪಾಲಿಗೆ ಬಂದರು. ಶಾಲೆ ಅದಕ್ಕೂ ಮೊದಲೇ ನನ್ನ ಕೈಬಿಟ್ಟಿತ್ತು, ಅಥವಾ ನಾನು ಅದರದು.

ಗಿರಣಿಯಲ್ಲಿ ಬೆಳೆದವನ ದನಿ ಹೇಗಿರುತ್ತದೆ ಎಂಬುದನ್ನು ನಿಮಗೆ ಕಾಗದದ ಮೇಲೆ ತೋರಿಸುವುದು ಕಷ್ಟ. ಸಣ್ಣಗೆ ಬೀಸಲೋ ದಪ್ಪಗೆ ಬೀಸಲೋ ಎಂದು ಕೇಳುವುದಕ್ಕೇ ನಾನು ಎದೆ ತುಂಬ ಗಾಳಿ ಎಳೆದುಕೊಳ್ಳಬೇಕಿತ್ತು. ಹಾಗೆ ಕೇಳಿ ಕೇಳಿ ನನ್ನ ಸಿಟ್ಟಿಗೂ ಸಮಾಧಾನಕ್ಕೂ ಒಂದೇ ದನಿ ಉಳಿಯಿತು. ಬಸ್ಸಿನಲ್ಲಿ ಪಕ್ಕದವನಿಗೆ ಜರಾ ಸರಿ ಎಂದರೆ ಅವನು ಎದ್ದು ನಿಂತು ಅಂಗಿಯ ತೋಳು ಏರಿಸುತ್ತಿದ್ದ. ಸತ್ತವರ ಮನೆಗೆ ಮಾತಾಡಿಸಲು ಹೋದರೆ ನನ್ನನ್ನು ಹೊರಗಿನ ಕಟ್ಟೆಯ ಮೇಲೇ ಕೂರಿಸುತ್ತಿದ್ದರು.

ಇಂಥ ನನಗೆ ನೋಡಲು ಯಡ್ರಾಮಿಯಲ್ಲಿ ಒಂದು ಹೆಣ್ಣು ಗೊತ್ತಾಯಿತು. ಅವ್ವನ ತಮ್ಮ ಈರಣ್ಣಮಾವ ಜೊತೆಗೆ ಬಂದ. ಜೇವರ್ಗಿಯಲ್ಲಿ ಬಸ್ಸು ಬದಲಿಸುವಾಗಲೇ ಅವನ ಬುದ್ಧಿವಾದ ಶುರುವಾಗಿತ್ತು.

“ಸಿದ್ದ್ಯಾ, ಅಲ್ಲಿ ಬಾಯಿ ಜರಾ ಹಿಡಕೊಂಡು ಮಾತಾಡು. ಅವ್ರು ಹೆಣ್ಣು ಕೊಡಾವ್ರು, ಜ್ವಾಳ ಬೀಸಕೊಂಡು ಹೋಗಾವ್ರಲ್ಲ.”

“ಹಿಡಕೊಂಡೇ ಮಾತಾಡಾಕತ್ತೇನಲ್ಲೋ ಮಾವಾ,” ಎಂದೆ. ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವವಳು ತಿರುಗಿ ನೋಡಿದಳು.

ಹೆಣ್ಣಿನ ತಂದೆ ಗುರುಲಿಂಗಪ್ಪನವರದು ಕಿರಾಣಿ ಅಂಗಡಿ. ಏಲಕ್ಕಿ ತೂಗುವವರ ಹಾಗೆ ಅವರು ಒಂದೊಂದೇ ಮಾತನ್ನು ಮೆಲ್ಲಗೆ ತಕ್ಕಡಿಗೆ ಹಾಕುತ್ತಿದ್ದರು. ಅಂಥ ದನಿ ಕೇಳಿ ನನಗೆ ರೂಢಿಯಿರಲಿಲ್ಲ; ಮುಂದಕ್ಕೆ ಬಾಗಿ ಅವರ ತುಟಿ ನೋಡುತ್ತ ಕುಳಿತೆ.

“ಸಾಲಿ ಎಲ್ಲೀ ತನ ಕಲತೀರಿ?” ಎಂದು ಕೇಳಿದರು.

“ನಾಕನೇತ್ತಾರಿ,” ಎಂದೆ.

ಅಂಗಳದಲ್ಲಿದ್ದ ಆಕಳ ಕರು ಗೂಟದ ಸುತ್ತ ಒಂದು ಸುತ್ತು ಹಾಕಿತು. ಎದುರು ಮನೆಯ ಇಬ್ಬರು ಬಾಗಿಲಿಗೆ ಬಂದು, ಜಗಳ ಯಾರದೆಂದು ಇಣುಕಿದರು. ಅದೇ ಹೊತ್ತಿಗೆ ಅವರ ಮಗಳು ಮಹಾದೇವಿ ಚಹಾ ತಂದಳು. ಹೆಸರು ಕೇಳು ಎಂದು ಮಾವ ಮೊಣಕೈಯಿಂದ ತಿವಿದ. ಹಳ್ಳದ ಆಚೆ ಇರುವವರನ್ನು ಕರೆಯುವ ದನಿಯಲ್ಲಿ ನಾನು ಕೇಳಿದೆ. ಅವಳು ಹೇಳಿದ್ದು ನನಗೆ ಕೇಳಲಿಲ್ಲ, ಆದರೆ ಹೇಳುವಾಗ ಅವಳ ತುಟಿಯ ತುದಿಯಲ್ಲಿ ನಗು ಬಂದು ಹೋದದ್ದು ಕಂಡಿತು. ಸಿಟ್ಟು ಬರಲಿಲ್ಲ, ಹೆದರಲಿಲ್ಲ, ನಕ್ಕಳು. ಅಷ್ಟೇ ಸಾಕಾಯಿತು ನನಗೆ. ಬಸ್ಸಿನಲ್ಲಿ ಬರುವಾಗ ಮಾವನ ಬೈಗುಳವೂ ಸಿಹಿಯಾಗಿತ್ತು.

ಹುಡುಗ ಜಗಳಗಂಟ ಇದ್ದಾನೇನು ಎಂದು ಅವರು ವಿಚಾರಿಸಿದರಂತೆ. ಜಗಳಗಂಟನಲ್ಲ, ಅದು ಗಿರಣಿ ದನಿ ಎಂದು ಮಾವ ತಿಳಿಸಿ ಹೇಳಿದ. ಹಾಗಾದರೆ ಗಿರಣಿ ನೋಡಿಯೇ ಬರೋಣ ಎಂದು ಗುರುಲಿಂಗಪ್ಪನವರು ಒಂದು ಸಂಜೆ ಬಸ್ಸಿಗೆ ಬಂದಿಳಿದರು. ನಮ್ಮ ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಆ ಸಂಜೆ ಇಂಜಿನ್ನು ನಿಂತಿತ್ತು, ಮನೆ ಚೆನ್ನಾಗಿಯೇ ಕಂಡಿತು. ಬೆಳಿಗ್ಗೆ ಅವರು ಮೈ ತೊಳೆದು, ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕುಳಿತರು. ನನಗಾದರೂ ಒಂದಿಷ್ಟು ಬುದ್ಧಿ ಬೇಡವೇ? ಮಾವನಾಗುವವರು ನೋಡಲಿ, ನಮ್ಮ ಗಿರಣಿಗೆ ಎಷ್ಟು ಮಂದಿ ಬರುತ್ತಾರೆಂದು ತಿಳಿಯಲಿ ಎಂದು ಅದೇ ಹೊತ್ತಿಗೆ ಹ್ಯಾಂಡಲ್ ಹೊಡೆದೆ. ಗೋಡೆ ನಡುಗಿತು. ಗೋಡೆಯ ಮಾಡದಲ್ಲಿದ್ದ ಪಾತ್ರೆ ಒಂದಕ್ಕೊಂದು ಹಲ್ಲು ಕಡಿದವು. ಅವರು ಏನೋ ಹೇಳುತ್ತ ಹೊರಗೆ ಬಂದರು; ಕೈ ಆಡಿಸುವುದು ಮಾತ್ರ ಕಂಡಿತು. ಮೆಚ್ಚಿಕೊಂಡರು ಎಂದು ತಿಳಿದು ನಾನೂ ಕೈ ಆಡಿಸಿದೆ. ಈರಣ್ಣಮಾವ ಓಡಿ ಬಂದು ಇಂಜಿನ್ನು ಬಂದ್ ಮಾಡಿದ.

“ಸಿದ್ದಣ್ಣ,” ಎಂದರು ಅವರು, ಅದೇ ಏಲಕ್ಕಿಯ ದನಿಯಲ್ಲಿ, “ಮನಿ ಛಲೋ ಅದ. ನಿಮ್ಮ ಅವ್ವಾರೂ ಛಲೋ ಮನಷಾರು. ಖರೇ ಹೇಳತೇನಿ, ಇಲ್ಲಿ ಪೂಜಿಗಿ ಕುಂತ್ರ ಅಂಗೈಯಾಗಿನ ಲಿಂಗ ಸೈತ ನಡಗತದ. ನನ್ನ ಮಗಳು ಈ ಮನ್ಯಾಗ ನಾಕ ದಿನ ಬಾಳೇ ಮಾಡಿದ್ರ ಕಿವುಡಿ ಆಗತಾಳ. ಈ ಸಪ್ಪಳ ಕಮ್ಮಿ ಮಾಡ್ರಿ. ಶ್ರಾವಣ ಮುಗದ ಮ್ಯಾಲ ಮತ್ತ ಬರ್ತೇನಿ. ಕಮ್ಮಿ ಆಗಿದ್ರ ಮುಂದಿನ ಮಾತು. ಇಲ್ಲಂದ್ರ ಸಿಟ್ಟ ಮಾಡ್ಕೋಬ್ಯಾಡ್ರಿ.”

ಸಪ್ಪಳ ಕಡಿಮೆ ಮಾಡುವುದು ಎಷ್ಟರ ಕೆಲಸ ಎಂದುಕೊಂಡೆ. ಜಗತ್ತಿನಲ್ಲಿ ಎಲ್ಲವೂ ಸುಲಭ ಎನ್ನಿಸುವುದು ಏನೂ ಗೊತ್ತಿಲ್ಲದವನಿಗೆ. ಮೊದಲು ಡಬ್ಬಿ ಬಿಚ್ಚಿದೆ. ಕುಕ್ಕೂ ಹೋಯಿತು, ಢಬಢಬ ಉಳಿಯಿತು. ಆಮೇಲೆ ಕೊಳವೆಯ ಸುತ್ತ ಒದ್ದೆ ಗೋಣಿಚೀಲ ಸುತ್ತಿದೆ. ಸ್ವಲ್ಪ ಹೊತ್ತು ಇಂಜಿನ್ನು ಕಂಬಳಿ ಹೊದ್ದು ಕೆಮ್ಮುವ ಮುದುಕನ ಹಾಗೆ ಇತ್ತು. ನಂತರ ಚೀಲ ಒಣಗಿ ಹೊಗೆಯಾಡಿತು. ಗಿರಣಿಗೆ ಬೆಂಕಿ ಬಿತ್ತೆಂದು ಓಣಿಯವರು ಕೊಡ ತಂದು ಸುರಿದರು, ಹೆಚ್ಚಿನ ನೀರು ನನ್ನ ಮೇಲೆ. ಮೂರನೆಯದು ನನ್ನ ಸ್ವಂತ ತಲೆಯಿಂದ ಹುಟ್ಟಿದ್ದು, ಆದ್ದರಿಂದ ಎಲ್ಲಕ್ಕಿಂತ ಕೆಟ್ಟದ್ದು. ನೀರು ತುಂಬಿದ ಮಣ್ಣಿನ ಹರವಿಯೊಳಗೆ ಕೊಳವೆಯ ಬಾಯಿ ಮುಳುಗಿಸಿದೆ. ಸಪ್ಪಳ ನೀರು ಕುಡಿದು ಸಾಯಲಿ ಎಂಬುದು ನನ್ನ ಲೆಕ್ಕ. ಹರವಿ ಒಡೆದ ಸಪ್ಪಳಕ್ಕೆ ಮಠದ ಗಿಡದ ಹಕ್ಕಿಯೆಲ್ಲ ಎದ್ದವು. ಅವ್ವ ಒಡೆದ ಚೂರು ಆರಿಸುತ್ತ ನನ್ನ ಮುಖ ನೋಡಿದಳು. “ಲಗ್ನ ಮಾಡ್ಕೊಳಾಕ ಇಷ್ಟ ತ್ರಾಸ ತಗೊಂಡಾವ ನಮ್ಮ ಮನೆತನದಾಗ ನೀನೊಬ್ಬನ ನೋಡಪಾ,” ಎಂದಳು.

ಕೊನೆಗೆ ಅಫಜಲಪುರದ ಮೋಟಾರು ರಿಪೇರಿಯವನ ಹತ್ತಿರ ಹೋಗಿ ಕೇಳಿದೆ. ಮೊದಲೇ ಕೇಳಬಹುದಿತ್ತು, ಕೇಳುವುದೆಂದರೆ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ ಎಂಬ ಬಿಗುಮಾನ. ಅವನು ಹೇಳಿದಂತೆ ಹಿತ್ತಲಲ್ಲಿ ದೊಡ್ಡ ಕುಣಿ ತೋಡಿ, ಒಳಗೆ ಶಹಾಬಾದ ಪರಸಿ ಕಲ್ಲು ಜೋಡಿಸಿ, ಜಲ್ಲಿಕಲ್ಲಿನ ದಪ್ಪ ಖಡಿ ತುಂಬಿ, ದೊಡ್ಡ ಬಾಯಿಯ ಕೊಳವೆಯನ್ನು ನೆಲದಡಿ ಅಲ್ಲಿಗೆ ಒಯ್ದೆ. ಹೊಗೆ ಕಲ್ಲುಗಳ ಸಂದಿಯಲ್ಲಿ ತಿರುಗಿ ಸುಸ್ತಾಗಿ, ಇನ್ನೊಂದು ತುದಿಯ ಗೂಡಿನಿಂದ ಮೆಲ್ಲಗೆ ಹೊರಬರಬೇಕು. ಇಂಜಿನ್ನಿನ ಕಾಲಡಿ ಲಾರಿ ಟೈರಿನ ತುಂಡು ಹಾಕಿ ಬೋಲ್ಟು ಬಿಗಿದೆ. ಹ್ಯಾಂಡಲ್ ಹೊಡೆದು ನಿಂತೆ. ಚಾಲೂ ಆಗಿಲ್ಲ ಎಂದುಕೊಂಡು ಇನ್ನೊಮ್ಮೆ ಹೊಡೆಯಲು ಹೋದವನು, ಚಕ್ರ ತಿರುಗುತ್ತಿರುವುದನ್ನು ಕಂಡು ಕೈ ಹಿಂದೆಳೆದೆ. ಬೀಸುವ ಕಲ್ಲಿನ ಗುರುಗುರು, ಪಟ್ಟಾದ ಪಟಪಟ ಬಿಟ್ಟರೆ ಬೇರೆ ಇಲ್ಲ. ಹಿತ್ತಲ ಗೂಡಿನಿಂದ ಹೊಗೆ ಬೀಡಿ ಸೇದುವವನ ಮೂಗಿನಿಂದ ಬಂದಂತೆ ಬರುತ್ತಿತ್ತು.

ನಾನು ಗೆದ್ದೆ. ಗೆದ್ದು, ಬುಟ್ಟಿಗಳ ದಾರಿ ಕಾಯುತ್ತ ಕುಳಿತೆ. ಒಂದೂ ಬರಲಿಲ್ಲ.

ಮರುದಿನವೂ ಇಲ್ಲ. ಹಿಟ್ಟಿಲ್ಲದೆ ಓಣಿಯವರು ಏನು ತಿನ್ನುತ್ತಿದ್ದಾರೆ ಎಂದು ನನಗೇ ಕುತೂಹಲ ಹುಟ್ಟಿತು. ಆಗ ಹಿಂದಿನ ಓಣಿಯ ಬೀಬಮ್ಮ ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದವಳು, ನನ್ನನ್ನು ನೋಡಿ ಮರುಗಿದಳು.

“ಏನ್ ಬೇಟಾ, ಇಂಜಿನ್ ಪೂರಾ ಖರಾಬ್ ಆತೇನು? ಅಯ್ಯ ಪಾಪ, ನಿಮ್ಮಪ್ಪ ಇದ್ದಾಗ ಒಂದಿನ ನಿಂತಿದ್ದಿಲ್ಲ.”

“ಚಾಲೂನೇ ಅದ ಬೀಬಮ್ಮಾ. ಒಳಗ ಬಂದು ನೋಡು.”

ಅವಳು ಬಂದು ತಿರುಗುವ ಚಕ್ರ ನೋಡಿದಳು, ನನ್ನ ಮುಖ ನೋಡಿದಳು. “ಚಾಲೂ ಇದ್ರ ಒದರಬೇಕಲ್ಲೋ. ನಾವು ಮನ್ಯಾಗ ಕುಂತಾವ್ರಿಗಿ ಹ್ಯಾಂಗ ಮಾಲೂಮ್ ಆಗಬೇಕು? ಕದ್ದ ಬೀಸಾಕತ್ತೀಯೇನು?”

ಅಷ್ಟೂ ಹೆಂಗಸರು ಮನೆಯಲ್ಲಿ ಬುಟ್ಟಿ ತುಂಬಿಟ್ಟು ಕುಕ್ಕೂ ಕಾಯುತ್ತಿದ್ದರು, ಕಾದು ಕಾದು ಬೇರೆ ಊರಿನ ಗಿರಣಿಗೆ ಹೊರಟಿದ್ದರು. ಡಬ್ಬಿ ಮತ್ತೆ ಕಟ್ಟಿದರೆ ಮಹಾದೇವಿ ಇಲ್ಲ. ಕಟ್ಟದಿದ್ದರೆ ಅವಳನ್ನು ಸಾಕುವ ಗಿರಣಿ ಇಲ್ಲ. ನನಗೆ ಹೊಳೆದ ಉಪಾಯ ಕೇಳಿ ನೀವು ನಗಬಹುದು. ಕಟ್ಟೆಯ ಮೇಲೆ ನಿಂತು ಎರಡೂ ಕೈ ಬಾಯಿಗೆ ಹಚ್ಚಿ, “ಗಿರಣಿ ಚಾಲೂ ಅದ, ಬರ್ರೀ,” ಎಂದು ಒದರಿದೆ. ಇಂಜಿನ್ನಿನ ಜೊತೆ ಪೈಪೋಟಿ ಮಾಡಿ ಬೆಳೆದ ದನಿ, ಈಗ ಎದುರಾಳಿ ಇಲ್ಲದೆ ಬಯಲಿಗೆ ಬಿದ್ದಿತ್ತು. ಹಳ್ಳ ದಾಟಿ ಆಚೆಯ ಹೊಲಗಳಿಗೂ ಮುಟ್ಟಿತು. ಮಂದಿ ಬಂದರು. ಬಂದವರು, ಇದಕ್ಕಿಂತ ಇಂಜಿನ್ನೇ ವಾಸಿ ಇತ್ತು, ಅದಕ್ಕೆ ತಾಳವಾದರೂ ಇತ್ತು ಎಂದರು. ಇಷ್ಟೆಲ್ಲ ಕಲ್ಲು ಮಣ್ಣು ಹೊತ್ತು ನಾನು ಸಾಧಿಸಿದ್ದೇನೆಂದರೆ, ಇಂಜಿನ್ನಿನ ಬಾಯಿ ಮುಚ್ಚಿ ಆ ಕೆಲಸಕ್ಕೆ ನನ್ನ ಬಾಯಿ ಹಚ್ಚಿದ್ದು.

ಆದರೂ ಶ್ರಾವಣದ ನಂತರ ಗುರುಲಿಂಗಪ್ಪನವರು ಬರುವುದರೊಳಗೆ ಮೆಲ್ಲಗೆ ಮಾತಾಡುವುದನ್ನು ಕಲಿಯಬೇಕೆಂಬ ಹಟ ಇತ್ತು. ಅವ್ವನ ಮೇಲೆಯೇ ತಾಲೀಮು ಶುರು ಮಾಡಿದೆ. ಅವಳು ಒಲೆಯ ಮುಂದೆ ಬೆನ್ನು ಹಾಕಿ ಕುಳಿತಾಗ ಹಿಂದಿನಿಂದ, ಅಳಿಯನ ದನಿಯಲ್ಲಿ, “ಅವ್ವಾ, ಒಂದೀಟ ನೀರ ಕೊಡು,” ಎಂದೆ. ತಿರುಗಲಿಲ್ಲ. ತೀರಾ ಮೆಲ್ಲಗಾಯಿತೇನೋ ಎಂದು ಸ್ವಲ್ಪ ಏರಿಸಿದೆ. ತಿರುಗಲಿಲ್ಲ. ಇನ್ನೂ ಏರಿಸಬೇಕೆನ್ನುವಷ್ಟರಲ್ಲಿ ನನ್ನ ಮೊಣಕೈ ತಾಗಿ ಮಾಡದಲ್ಲಿದ್ದ ಊಟದ ಕಂಚಿನ ಗಂಗಾಳ ನೆಲದ ಪರಸಿಯ ಮೇಲೆ ಬಿತ್ತು. ನನ್ನ ಹಲ್ಲು ಜುಮ್ಮೆಂದವು. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು.

ನಾನು ಎದುರಿಗೆ ಹೋಗಿ ಕುಳಿತೆ. ಅವಳು ನನ್ನ ಮುಖ ನೋಡಿ, ರೊಟ್ಟಿ ಹಂಚಿಗೆ ಹಾಕಿ, ಕೈ ಒರೆಸಿಕೊಂಡಳು.

“ತಿಳೀತೇನು?” ಎಂದಳು.

“ಯಾವಾಗಿಂದ ಬೇ?” ಎಂದೆ, ನನ್ನ ಹಳೆಯ ದನಿಯಲ್ಲಿ.

“ಯಾರಿಗಿ ಗೊತ್ತು. ಆ ಇಂಜಿನ್ ಸಪ್ಪಳದಾಗ ಯಾರಿಗೂ ಏನೂ ಕೇಳಸ್ತಿದ್ದಿಲ್ಲ, ನನಗೂ ಕೇಳಸ್ತಿದ್ದಿಲ್ಲ. ಎಲ್ಲಾರೂ ಒಂದ ಇದ್ವಿ. ನೀ ಅದರ ಬಾಯಿ ಮುಚ್ಚಿದ ಮ್ಯಾಲ ಊರ ಮಂದೆಲ್ಲ ಯಾಕೋ ಪಿಸುಪಿಸು ಮಾತಾಡಾಕತ್ತಾರಂತ ತಿಳದೆ. ಆಮ್ಯಾಲ ಗುಬ್ಬೀನೂ ಬರೇ ಬಾಯಿ ತೆರದು ಮುಚ್ಚಾಕತ್ತು.”

ಗೆಳೆಯರೇ, ನಾನು ಹೆಚ್ಚು ಯೋಚಿಸುವವನಲ್ಲ, ಯೋಚನೆ ಬಂದರೆ ಏನಾದರೊಂದು ರಿಪೇರಿ ಕೆಲಸ ಹಿಡಿದುಬಿಡುತ್ತೇನೆ. ಆ ದಿನ ಹಿಡಿಯಲು ಯಾವ ಕೆಲಸವೂ ಸಿಗಲಿಲ್ಲ. ಗದ್ದಲವೆಂದರೆ ಕಿವಿಗೆ ಆಗುವ ತ್ರಾಸವೆಂದಷ್ಟೇ ತಿಳಿದಿದ್ದೆ. ಅದು ಒಂದು ಪರದೆಯೂ ಹೌದು. ಅದರ ಹಿಂದೆ ಯಾರು ಏನು ಕಳೆದುಕೊಳ್ಳುತ್ತಿದ್ದಾರೆ ಎಂದು ಯಾರಿಗೂ ಕಾಣುವುದಿಲ್ಲ. ಅವ್ವ ಏನಾದರೂ ಹೇಳಿದರೆ ನಾನು ಹೂಂ ಎನ್ನುತ್ತಿದ್ದೆ, ನಾನು ಹೇಳಿದರೆ ಅವಳು ತಲೆಯಾಡಿಸುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟದೆ ನಮ್ಮ ಸಂಸಾರ ಬಹಳ ಚೆನ್ನಾಗಿ ನಡೆದಿತ್ತು. ಆ ಮನೆಗೆ ಸಣ್ಣ ದನಿಯ ಹುಡುಗಿಯೊಬ್ಬಳನ್ನು ತರಲು ನಾನು ಕುಣಿ ತೋಡಿದ್ದೆ.

ಕಟ್ಟೆಯ ಮೇಲೆ ನಿಂತು ಒದರುವುದನ್ನು ನಿಲ್ಲಿಸಿದ್ದು ಅವ್ವನೇ. “ಮಂದಿಗಿ ಕೇಳಸಂಗಿಲ್ಲಂದ್ರ ತೋರಸು. ನಾ ಮಂದಿ ಮಾರಿ ನೋಡೇ ದಿನಾ ಕಳ್ಯಾಕತ್ತಿಲ್ಲೇನು?” ಎಂದಳು. ಬಾವುಟ ಏರಿಸು ಎಂಬುದು ಅವಳ ಮಾತಿನ ಅರ್ಥ. ಯಾವ ಬಣ್ಣದ್ದು? ಹಸಿರು ಕಟ್ಟಿದರೆ ಉರುಸು ಯಾವಾಗ ಎಂದು ಕೇಳುತ್ತಾರೆ. ಕಾವಿ ಕಟ್ಟಿದರೆ ಯಾವ ಸ್ವಾಮಿಗಳು ಬಂದಿಳಿದಿದ್ದಾರೆ ಎಂದು ಕಾಯಿ ಹಿಡಿದು ಬರುತ್ತಾರೆ. ಕೆಂಪು ಕಟ್ಟಿದರೆ ನಾನು ಎಲೆಕ್ಷನ್ನಿಗೆ ನಿಂತೆನೆಂದು ಚಹಾ ಕೇಳುತ್ತಾರೆ. ಬಿಳಿಯದು ಕಟ್ಟಿಯೇ ನೋಡಿದೆ. ಗಿರಣಿಯ ಹಿಟ್ಟು ಹತ್ತಿ ಮೊದಲೇ ಬಿಳಿಯಾಗಿದ್ದ ಗೋಡೆಯಲ್ಲಿ ಅದು ಕರಗಿಹೋಯಿತು. ಆಗ ಅವ್ವ ಟ್ರಂಕಿನಿಂದ ತನ್ನ ಹಳೆಯ ಇಳಕಲ್ ಸೀರೆ ತೆಗೆದುಕೊಟ್ಟಳು. ಊರಿನ ಯಾವ ಹೆಂಗಸೂ ಮರೆಯದ ಸೀರೆ ಅದು. ಯಾರ ಮನೆಯಲ್ಲಿ ಬಸುರಿಗೆ ಕುಬಸದ ಕಾರ್ಯವಿದ್ದರೂ ಅವ್ವ ಅದನ್ನೇ ಉಟ್ಟು ಹೋಗುತ್ತಿದ್ದಳು. ಉದ್ದ ಬಿದಿರಿಗೆ ಕಟ್ಟಿ ಏರಿಸಿದೆ. ಹೊಲದ ಹೆಂಗಸರು ನಡು ನೆಟ್ಟಗೆ ಮಾಡಿ, ನೀಲವ್ವನ ಸೀರೆ ಏರಿತು ಎಂದು ಅವ್ವನ ಹೆಸರು ಹಿಡಿದು ಹೇಳುತ್ತ ಬುಟ್ಟಿ ಹೊತ್ತು ಬಂದರು. ಏರಿದರೆ ಗಿರಣಿ ಚಾಲೂ, ಇಳಿದರೆ ಬಂದ್.

ಗುರುಲಿಂಗಪ್ಪನವರು ಹೇಳಿದಂತೆ ಬಂದರು. ಈ ಸಲ ಅವರು ಪೂಜೆಗೆ ಕುಳಿತಾಗ ಗಿರಣಿ ಚಾಲೂ ಇತ್ತು. ಬಾಗಿಲ ಸಂದಿಯಿಂದ ನಾನೂ ಮಾವನೂ ಅವರ ಅಂಗೈಯನ್ನೇ ನೋಡುತ್ತಿದ್ದೆವು. ನಡುಗಲಿಲ್ಲ. ಮಾವ ನನ್ನ ಬೆನ್ನಿಗೆ ಗುದ್ದಿದ. ಪೂಜೆ ಮುಗಿಸಿ ಅವರು ಸಂತೋಷದಿಂದ ಅಡುಗೆಮನೆಯ ಬಾಗಿಲಿಗೆ ಹೋಗಿ ಅವ್ವನನ್ನು ಮಾತಾಡಿಸಿದರು. ಅವ್ವ ಒಲೆಯ ಕಡೆ ಮುಖ ಮಾಡಿದ್ದಳು. ಅವರು ಮತ್ತೊಮ್ಮೆ ಮಾತಾಡಿಸಿದರು. ಅವ್ವನ ಕೈ ರೊಟ್ಟಿ ಬಡಿಯುತ್ತಲೇ ಇತ್ತು. ಅವರು ಮುಖ ಸಣ್ಣದು ಮಾಡಿಕೊಂಡು ಗಿರಣಿಗೆ ಬಂದರು.

“ನಿಮ್ಮ ಅವ್ವಾರಿಗಿ ಈ ಸಂಬಂಧ ಮನಸಿಲ್ಲೇನು? ಎರಡ ಸಲ ಮಾತಾಡಸಿದೆ. ಮಾರಿ ಸೈತ ತಿರುವಲಿಲ್ಲ.”

ನಾನು ಬಾಯಿ ತೆರೆಯುವ ಮೊದಲೇ ಮಾವ ನಡುವೆ ಬಂದ. “ಹಂಗಲ್ರಿ ಶರಣ್ರ. ಇವತ್ತ ಸೋಮಾರ ಅಲ್ರೀ, ಅಕ್ಕಂದು ಮೌನ ಇರತದ. ಸಂಜೀ ತನ ಒಂದ ಮಾತಿಲ್ಲ.”

“ಈರಣ್ಣಾ, ರೊಟ್ಟಿ ಆಗ್ಯಾವ, ಅವ್ರಿಗಿ ಊಟಕ್ಕ ಕರಕೊಂಡು ಬಾರೋ,” ಎಂದು ಒಳಗಿನಿಂದ ಅವ್ವ ಕೂಗಿದಳು.

ಮಾವ ಪಟ್ಟಾದ ಬಿಗಿತ ಪರೀಕ್ಷಿಸತೊಡಗಿದ. ಹೇಳಿದರೆ ಮಹಾದೇವಿ ಕೈಬಿಟ್ಟು ಹೋಗುತ್ತಾಳೆ. ಯಾಕೆಂದರೆ ಅವಳ ತಂದೆ ಅಂಜಿದ್ದು ಯಾವುದಕ್ಕೋ ಅದು ನಮ್ಮ ಮನೆಯಲ್ಲಿ ಆಗಲೇ ರೊಟ್ಟಿ ಬಡಿಯುತ್ತ ಕುಳಿತಿತ್ತು. ಹೇಳದಿದ್ದರೆ ಅವ್ವ ಸೊಕ್ಕಿನವಳಾಗುತ್ತಾಳೆ.

“ಆಕಿಗಿ ಕೇಳಸಂಗಿಲ್ರಿ,” ಎಂದೆ. ಕಲಿತ ಮೆಲುದನಿ ಆ ಹೊತ್ತಿಗೆ ಬರಲಿಲ್ಲ. ಬೀಸಿಸಿಕೊಳ್ಳಲು ಬಂದ ಹೆಂಗಸರೆಲ್ಲ ಬುಟ್ಟಿ ಹಿಡಿದು ನಿಂತು ಕೇಳಿದರು. “ಈ ಇಂಜಿನ್ನೇ ಆಕಿ ಕಿವಿ ತಿಂದದ. ನೀವು ಅಂದದ್ದು ಖರೇ ಅದ.”

ಅವರು ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿದರು.

“ಯಾವಾಗ ತಿಳೀತು?”

“ಸಪ್ಪಳ ಕಮ್ಮಿ ಆದ ಮ್ಯಾಲ್ರಿ.”

“ಕಮ್ಮಿ ಮಾಡದ ಇದ್ದಿದ್ರ?”

“ತಿಳೀತಿದ್ದಿಲ್ರಿ. ಈಗೂ ಒದರಕೋತ ಇರತಿದ್ದೆ.”

ಅವರು ಹೊರಗೆ ಹೋಗಿ ಚಪ್ಪಲಿ ಮೆಟ್ಟುತ್ತಾರೆ ಎಂದುಕೊಂಡೆ. ಕೈಕಾಲು ತೊಳೆದು ಊಟಕ್ಕೆ ಕುಳಿತರು. ಅವ್ವ ಗಂಗಾಳಕ್ಕೆ ರೊಟ್ಟಿ, ಪುಂಡಿ ಪಲ್ಯ ಹಾಕಿದಳು. ಅವರು ಮುಟ್ಟದೆ, ತಮ್ಮ ಏಲಕ್ಕಿಯ ದನಿಯಲ್ಲಿ, “ಮದಲ ಸಕ್ಕರಿ ತರ್ರಿ,” ಎಂದರು. ನಮ್ಮಲ್ಲಿ ಹೆಣ್ಣಿನ ತಂದೆ ಗಂಡಿನ ಮನೆಯಲ್ಲಿ ಬಾಯಿಗೆ ಸಕ್ಕರೆ ಕೇಳಿದನೆಂದರೆ ಮಾತು ಮುಗಿದಂತೆ. ಆದರೆ ಯಾರಿಗೆ ಆ ಮಾತು ಕೇಳಬೇಕೋ ಅವಳಿಗೆ ಕೇಳಿರಲಿಲ್ಲ. ಅವಳು ನಗುತ್ತ ಇನ್ನೊಂದು ರೊಟ್ಟಿ ಹಾಕಿದಳು. ಅವರು ಸ್ವಲ್ಪ ಜೋರಾಗಿ ಹೇಳಿದರು. ಅವಳು ಪಲ್ಯ ಹಾಕಿದಳು. ನಾನು ಹೇಳಲು ಬಾಯಿ ತೆರೆದೆ. ನೀ ಸುಮ್ಮನಿರು ಎಂದು ಅವರು ಕೈ ಅಡ್ಡ ಹಿಡಿದರು. ಆಮೇಲೆ ಆ ಮನುಷ್ಯ, ಹುಟ್ಟಿದಾಗಿನಿಂದ ಏಲಕ್ಕಿ ತೂಗಿದಂತೆ ಮಾತಾಡಿದವರು, ಕಣ್ಣು ಮುಚ್ಚಿ, ಎದೆ ತುಂಬ ಗಾಳಿ ಎಳೆದುಕೊಂಡರು.

“ಬೀಗ್ತೇರ, ಸಕ್ಕರಿ ತರ್ರೀ.”

ಮಾಡದ ಪಾತ್ರೆ ಝಣ್ಣೆಂದವು. ಗಿರಣಿಯಲ್ಲಿದ್ದ ಹೆಂಗಸರು ಬುಟ್ಟಿ ಅಲ್ಲಲ್ಲೇ ಬಿಟ್ಟು ಬಾಗಿಲಿಗೆ ಬಂದು ನಿಂತರು. ಅಗಲವಾಗಿ ತೆರೆದ ಅವರ ಬಾಯಿಯಲ್ಲಿ ಅವ್ವನಿಗೆ ಈಗ ಮಾತು ಕಂಡಿತು. ನಿಧಾನವಾಗಿ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಸೆರಗಿನಿಂದ ಒಮ್ಮೆ ಕಣ್ಣು ಒತ್ತಿಕೊಂಡು ಎದ್ದಳು.

“ಹಿಂಗ ಬಾಯಿ ಬಿಟ್ಟು ಮಾತಾಡ್ರಿ ಬೀಗರ,” ಎಂದು ಸಕ್ಕರೆಯ ಡಬ್ಬಿಗೆ ಕೈ ಹಾಕಿದಳು. “ನಿಮ್ಮ ಮಗಳಿಗೂ ಇಷ್ಟ ಕಲಿಸಿ ಕಳಸ್ರಿ.”